ಪಿಕಪ್ ಗಾಲಿಗೆ ಕೊಟ್ಟ ಕಲ್ಲು

ಪುಟ್ಟಿ, ಪಾಪಣ್ಣ,

ಹೋದ ತಿಂಗಳು ಪುಟ್ಟಿ ಮೊದಲ ಸಲ ನಮ್ಮ ಪಿಕಪ್ಪಿನ ಡ್ರೈವರ್ ಸೀಟಿನಲ್ಲಿ ಕೂತಾಗ ನಿಮ್ಮ ಚಿಕ್ಕಜ್ಜ ಅಂಗಳದ ಆಚೆಯಿಂದಲೇ ಕೂಗಿ ಹೇಳಿದರು: "ನಿಮ್ಮವ್ವನಂಗೆ ಕಲ್ಲು ತೆಗ್ದುಬುಟ್ಟು ಹೊಂಡದ ಕಡೀಕೆ ಬುಟ್ಬುಡಬೇಡ ಕಣಮ್ಮಿ!" ನೀವಿಬ್ಬರೂ ನಕ್ಕಿರಿ. ನಿಮ್ಮಮ್ಮನೂ ನಕ್ಕಳು. ನಾನು, ನಿಮ್ಮಜ್ಜಿ, ಅಲ್ಲೇ ಮೆಟ್ಟಿಲ ಮೇಲೆ ಕಾಳುಮೆಣಸು ಆರಿಸುತ್ತಿದ್ದೆ. ತಲೆ ಎತ್ತಲಿಲ್ಲ.

ಆ ಕತೆಯನ್ನು ಒಂಬತ್ತು ವರ್ಷದಿಂದ ನಮ್ಮ ಕಡೆಯ ಮದುವೆ, ನಾಮಕರಣ, ತಿಥಿ, ಎಲ್ಲ ಊಟಗಳಲ್ಲೂ ಚಿಕ್ಕಜ್ಜ ಹೇಳುತ್ತ ಬಂದಿದ್ದಾರೆ. ನಡೆದದ್ದು ಹಾಗಲ್ಲ. ಹೇಗೆ ನಡೆಯಿತು ಎಂದು ಗೊತ್ತಿರುವವರು ಇಬ್ಬರೇ, ನಾನು ಮತ್ತು ನಿಮ್ಮಮ್ಮ. ನಿಮ್ಮಮ್ಮ ಬಾಯಿ ಬಿಡುವವಳಲ್ಲ. ನನಗೆ ನಾಲ್ಕು ಜನರ ಮುಂದೆ ಮಾತು ಹೊರಡುವುದಿಲ್ಲ. ಯಸಳೂರಿನ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದ್ದರಿಂದ ಬರೆಯಲು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಜ್ಜ ಹೋದ ಎರಡು ವರ್ಷಕ್ಕೆ ನಿಮ್ಮಮ್ಮ ಮನೆ ಪಕ್ಕದ ಇಳಿಜಾರಿನಲ್ಲಿ ಗಿಡದ ನರ್ಸರಿ ಹಾಕಿದಳು. ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು ತುಂಬಿ ಕಾಫಿ ಸಸಿ, ಮೆಣಸಿನ ಬಳ್ಳಿ ಬೆಳೆಸಿ ತೋಟದವರಿಗೆ ಕೊಡುವ ಕೆಲಸ. ಮುಂಗಾರು ಹಿಡಿದ ಮೇಲೆ ಎಲ್ಲರಿಗೂ ಒಂದೇ ಸಲ ಗಿಡ ಬೇಕು, ಆಗ ಬಾಡಿಗೆ ಗಾಡಿ ಒಂದೂ ಸಿಗದು. ಸಿಕ್ಕಿದವನು ಗಿಡಗಳನ್ನು ಜಲ್ಲಿ ಸುರಿದ ಹಾಗೆ ತುಂಬಿಕೊಂಡು ಹೋಗುತ್ತಿದ್ದ. ಚೀಲದೊಳಗಿನ ಮಣ್ಣಿನ ಹೆಂಟೆ ಒಡೆದರೆ ಬೇರು ಸಡಿಲವಾಗುತ್ತದೆ. ಗಿಡ ನೆಟ್ಟ ವಾರಕ್ಕೆ ಬಾಡುತ್ತದೆ, ಬೈಗುಳ ನಿಮ್ಮಮ್ಮನಿಗೆ ಬರುತ್ತದೆ. ಅವಳು ಸಕಲೇಶಪುರಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿದಳು. ಸ್ವಂತಕ್ಕೆ ಒಂದು ಪಿಕಪ್ ಬೇಕು ಎಂದಳು.

ನಿಮ್ಮಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಬೆಳಗ್ಗೆ ಆರಕ್ಕೆ ಆಳುಗಳ ಲೈನ್ ಮನೆಗಳ ಕಡೆ ಹೋದರೆ ಹಾಜರಿ, ಸ್ಟೋರ್ ಎಂದು ಸಂಜೆಯೇ ಬರುವುದು. ಅವನು ಒಪ್ಪಿದ. ಒಪ್ಪದವರು ಚಿಕ್ಕಜ್ಜ. ನಿಮ್ಮಜ್ಜನ ತಮ್ಮ, ಈಗ ಮನೆಗೆ ಹಿರಿಯರು. ಅವರನ್ನು ಕೇಳದೆ ಏನನ್ನಾದರೂ ಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ.

"ಗಾಡಿ ತಗಳಿ, ಬ್ಯಾಡ ಅನ್ನಲ್ಲ. ಡ್ರೈವರ್ ಮಡಿಕ್ಕಳಿ" ಎಂದರು.

"ಡ್ರೈವರ್ ಇಟ್ರೆ ಬಾಡಿಗೆ ಗಾಡಿಗೂ ಇದಕ್ಕೂ ಏನು ವ್ಯತ್ಯಾಸ ಚಿಕ್ಕಮಾವ? ಗಿಡ ಒಡೆಯೋನು ಅವನೇ ಅಲ್ವಾ? ನಾನು ಓಡ್ಸೋ ಹಂಗಿದ್ರೆ ಗಾಡಿ, ಇಲ್ದಿದ್ರೆ ಬೇಡವೇ ಬೇಡ" ಎಂದಳು ನಿಮ್ಮಮ್ಮ.

ಕೊನೆಗೆ ಒಂದು ಮಾತಾಯಿತು. ಸಕಲೇಶಪುರದ ಬ್ರೋಕರ್ ಒಬ್ಬರ ಕೈಯಲ್ಲಿ ಮೂರು ಸೆಕೆಂಡ್ ಹ್ಯಾಂಡ್ ಗಾಡಿಗಳಿದ್ದವು. ಒಂದೇ ವಾರದಲ್ಲಿ ಮೂರನ್ನೂ ತರಿಸುವುದು. ಪ್ರತಿಯೊಂದಕ್ಕೂ ಅದೇ ಇನ್ನೂರು ಗಿಡ ಹೇರಿ ಹೊಂಗಡಹಳ್ಳದ ಕಡೆಯ ಏರು ಹತ್ತಿಸಿ ಇಳಿಸುವುದು. ನಿಮ್ಮಮ್ಮ ಓಡಿಸಬೇಕು, ಚಿಕ್ಕಜ್ಜ ಜೊತೆಗೆ ಕೂತು ನೋಡಬೇಕು. ಮೂರರಲ್ಲೂ ಅವಳ ಕೈ ಸರಿ ಕಂಡರೆ ಕೀ ಅವಳಿಗೆ. ಎಲ್ಲಾದರೂ ತಪ್ಪಿದರೆ ಡ್ರೈವರ್. ಗಿಡ ನೋಡಿಕೊಳ್ಳಲು ನಾನು ಹೋಗಬೇಕಾಯಿತು.

ಇಲ್ಲಿ ಕಲ್ಲಿನ ವಿಷಯ ಹೇಳಬೇಕು. ನಿಮ್ಮಜ್ಜನ ಹಳೇ ಜೀಪಿಗೆ ಹ್ಯಾಂಡ್ ಬ್ರೇಕ್ ಹೆಸರಿಗೆ ಮಾತ್ರ ಇತ್ತು. ಏರಿನಲ್ಲಿ ನಿಲ್ಲಿಸಿದರೆ ಪಕ್ಕದಲ್ಲಿ ಕೂತವರು ಜಿಗಿದು ಹಿಂದಿನ ಗಾಲಿಗೆ ಅಡ್ಡ ಕಲ್ಲು ಕೊಡಬೇಕು. ಹೊರಡುವಾಗ ಡ್ರೈವರ್ ಸೀಟಿಗೆ ಹತ್ತಿದ ಮೇಲೆ ಕಲ್ಲು ಕೊಟ್ಟವರೇ ಅದನ್ನು ತೆಗೆದು ದಾರಿಯ ಪಕ್ಕಕ್ಕೆ ಹಾಕಬೇಕು. ದಾರಿ ನಡುವೆ ಕಲ್ಲು ಬಿಟ್ಟು ಹೋದವರನ್ನು ಹಿಂದೆ ಬರುವ ಗಾಡಿಯವರು ಸುಮ್ಮನೆ ಬಿಡುವುದಿಲ್ಲ. ಇಪ್ಪತ್ತಾರು ವರ್ಷ ನಾನು ಆ ಜೀಪಿಗೆ ಕಲ್ಲು ಕೊಟ್ಟೆ. ಗಾಡಿ ಏರಿನಲ್ಲಿ ನಿಂತ ಸದ್ದು ಕೇಳಿದರೆ ನನ್ನ ಕಾಲು ತಾನಾಗಿ ಕೆಳಗಿಳಿಯುತ್ತಿತ್ತು.

ಮೊದಲ ದಿನ ಬಂದದ್ದು ಮೂತಿಯೇ ಇಲ್ಲದ ಸಣ್ಣ ಗಾಡಿ.

"ಇದೇನು ಮಾರಾಯ, ಗಾಡಿನೋ ಬೆಂಕಿಪೊಟ್ಣನೋ?" ಎಂದರು ಚಿಕ್ಕಜ್ಜ.

"ನಗಬೇಡಿ ಯಜಮಾನ್ರೆ. ನಿಮ್ಮ ಅಂಗಳದಾಗೆ ಒಂದೇ ಸುತ್ತಿಗೆ ತಿರುಗ್ತೈತೆ. ಡೀಸೆಲ್ ಮೂಸಿ ನೋಡಿ ಓಡೋ ಗಾಡಿ ಇದು" ಎಂದರು ಬ್ರೋಕರ್.

ಒಂದೇ ಸುತ್ತಿಗೆ ತಿರುಗಿದ್ದು ನಿಜ. ಎಸ್ಟೇಟಿನ ಕಿರುದಾರಿಯಲ್ಲಿ ಮೇಕೆಯ ಹಾಗೆ ನುಗ್ಗಿತು. ಆದರೆ ಇಂಜಿನ್ ನಮ್ಮ ಸೀಟಿನ ಕೆಳಗೇ ಇತ್ತು. ಹೊಂಗಡಹಳ್ಳದ ಏರು ಮುಟ್ಟುವಷ್ಟರಲ್ಲಿ ಒಲೆಕಟ್ಟೆಯ ಮೇಲೆ ಕೂತ ಹಾಗಾಯಿತು. ಏರಿನ ಅರ್ಧಕ್ಕೆ ಬೇಕೆಂದೇ ನಿಲ್ಲಿಸಿ ಮತ್ತೆ ಎತ್ತಬೇಕು, ಅದು ನಮ್ಮ ಕಡೆಯ ಪರೀಕ್ಷೆ. ನಿಲ್ಲಿಸಿದಳು. ನಾನು ಇಳಿದು ಕಲ್ಲು ಕೊಟ್ಟೆ. ಮತ್ತೆ ಎತ್ತುವಾಗ ಗಾಡಿ ಅರಚಿಕೊಂಡಿತು, ಹಿಂದಿನ ಗಾಲಿ ಕೆಸರಿನಲ್ಲಿ ಸುತ್ತಿತು, ಕ್ಲಚ್ ಸುಟ್ಟ ವಾಸನೆ ಬಂತು. ನಿಮ್ಮಮ್ಮ ಗಾಬರಿಯಾಗದೆ ಮೂರನೇ ಸಲಕ್ಕೆ ಎತ್ತಿದಳು. "ರೇಷನ್ನಿಗೆ, ಗ್ಯಾಸ್ ಸಿಲಿಂಡರಿಗೆ ಇದು ಸಾಕು. ಮಳೆಗಾಲದಲ್ಲಿ ಲೋಡ್ ಹಾಕಿದ್ರೆ ಪಾಪ, ಉಸಿರು ಕಟ್ತದೆ" ಎಂದಳು. ಚಿಕ್ಕಜ್ಜ ಏನೂ ತಪ್ಪು ಹುಡುಕಲಿಲ್ಲ.

ಎರಡನೆಯದು ಉದ್ದ ಮೂತಿಯ, ಬಣ್ಣ ಮಾಸಿದ ಬಿಳಿ ಪಿಕಪ್. ಶಕ್ತಿ ಬೇಕಾದಷ್ಟಿತ್ತು. ಏರಿನಲ್ಲಿ ನಿಲ್ಲಿಸಿ ಎತ್ತಿದರೆ ಹೂಡಿದ ಎತ್ತಿನ ಹಾಗೆ ತಲೆ ಬಗ್ಗಿಸಿ ಹೊರಟಿತು. ಸ್ಟೇರಿಂಗ್ ಮಾತ್ರ ಒರಳು ತಿರುಗಿಸಿದಷ್ಟು ಭಾರ. ಅಂಗಳದಲ್ಲಿ ತಿರುಗಲು ಮೂರು ಸಲ ಹಿಂದೆ ಮುಂದೆ ಹೋಗಬೇಕು. ಹಿಂಬದಿ ಎಷ್ಟು ಎಗರುತ್ತಿತ್ತೆಂದರೆ ವಾಪಸು ಬಂದು ನೋಡಿದಾಗ ಹನ್ನೊಂದು ಗಿಡದ ಹೆಂಟೆ ಒಡೆದಿತ್ತು.

"ಇದಕ್ಕೆ ರೋಗ ಬಂದ್ರೂ ಔಷಧಿ ಎಲ್ಲಾ ಕಡೆ ಸಿಗ್ತೈತೆ. ಸಕಲೇಶಪುರ ಬುಡಿ, ಯಸಳೂರಲ್ಲೇ ಬಿಚ್ಚಿ ಜೋಡುಸ್ತಾರೆ" ಎಂದರು ಬ್ರೋಕರ್.

ಆ ಸಂಜೆ ನಿಮ್ಮಮ್ಮನ ತೋಳು ಎತ್ತಲು ಬರುತ್ತಿರಲಿಲ್ಲ. ನಾನು ಎಣ್ಣೆ ಹಚ್ಚಿ ತಿಕ್ಕಿದೆ.

ಮೂರನೆಯದು ಶನಿವಾರ ಬಂತು. ಯಾರೋ ದೊಡ್ಡ ತೋಟದವರು ಓಡಿಸಿ ಬಿಟ್ಟದ್ದು. ಮುಂದೆ ಹಿಂದೆ ಎರಡು ಸಾಲು ಸೀಟು, ಹಿಂಬದಿ ಅಗಲವಾದ ತೊಟ್ಟಿ, ನಾಲ್ಕೂ ಗಾಲಿಗೆ ಎಳೆತ. ಹತ್ತಲು ಮೆಟ್ಟಿಲಿತ್ತು, ನನ್ನ ಮಂಡಿ ನೋಯಲಿಲ್ಲ. ಒಳಗೆ ಕೂತರೆ ಇಂಜಿನ್ ಸದ್ದು ಪಕ್ಕದ ಮನೆಯಲ್ಲಿ ಗ್ರೈಂಡರ್ ತಿರುಗಿದ ಹಾಗೆ ಕೇಳುತ್ತಿತ್ತು. ನಿಮ್ಮಮ್ಮ ಸ್ಟೇರಿಂಗನ್ನು ಒಂದೇ ಕೈಯಲ್ಲಿ ತಿರುಗಿಸಿದಳು. ಮಳೆ ಬಿಡುವು ಕೊಟ್ಟಿದ್ದರೂ ದಾರಿಯೆಲ್ಲ ಕೊಚ್ಚೆ. ಅದಕ್ಕೆ ಕೊಚ್ಚೆಯೆಂಬುದೇ ತಿಳಿಯಲಿಲ್ಲ. ಚಿಕ್ಕಜ್ಜ ಸೀಟಿಗೆ ಒರಗಿ ಆರಾಮಾಗಿ ಕೂತಿದ್ದು ಆ ವಾರದಲ್ಲಿ ಅದೇ ಮೊದಲು. ನನಗೂ ಮನಸ್ಸಿನಲ್ಲಿ ಅದೇ ಬೇಕು ಎನಿಸಿತು. ಇದನ್ನು ಮುಚ್ಚಿಡುವುದಿಲ್ಲ.

ಏರಿನ ಅರ್ಧಕ್ಕೆ ಬಂದಾಗ ನಿಮ್ಮಮ್ಮನ ಮೊಬೈಲ್ ಸದ್ದು ಮಾಡಿತು. ಆನೆ ಎಲ್ಲಿದೆ ಎಂದು ತಿಳಿಸಲು ಅರಣ್ಯದವರ ಕಡೆಯಿಂದ ಬರುವ ಮೆಸೇಜ್. ಚಿಕ್ಕಜ್ಜ ಓದಿದರು: ನಾವಿರುವ ತಿರುವಿನ ಹತ್ತಿರವೇ ಒಂಟಿ ಸಲಗ. ಓದಿ ಮುಗಿಸುವಷ್ಟರಲ್ಲಿ ಮೇಲಿನ ತೋಟದ ಬೇಲಿಯ ಕಡೆ ಬಿದಿರು ಮುರಿದ ಸದ್ದು ಕೇಳಿಸಿತು.

"ನಿಲ್ಸವ್ವ. ನಿಲ್ಸು. ಇಂಜಿನ್ ಆಫ್ ಮಾಡು" ಎಂದರು ಬ್ರೋಕರ್ ಹಿಂದಿನ ಸೀಟಿನಿಂದ, ಪಿಸುಮಾತಿನಲ್ಲಿ.

ನಿಮ್ಮಮ್ಮ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದಳು. ಕರ್‌ಕರ್ ಎಂದು ಕೊನೆಯ ಹಲ್ಲಿನವರೆಗೂ ಬಂದದ್ದನ್ನು ನಾನು ಕೇಳಿದೆ. ಕೇಳಿದರೂ ನನ್ನ ಕಾಲು ಕೆಳಗಿಳಿಯಿತು.

"ಅತ್ಗೆ! ಹತ್ತಿ ಒಳೀಕೆ! ಕಲ್ಲು ಹಾಳಾಗೋಗ್ಲಿ!" ಎಂದು ಚಿಕ್ಕಜ್ಜ ಕಿಟಕಿಯಿಂದ ಕೈ ಬೀಸಿದರು. ನಾನು ಅಷ್ಟರಲ್ಲಿ ಚರಂಡಿಯಿಂದ ಕಲ್ಲು ಎತ್ತಿ ಗಾಲಿಯ ಹಿಂದೆ ಇಟ್ಟಿದ್ದೆ. ನನ್ನ ಬೆರಳು ಇನ್ನೂ ಕಲ್ಲಿನ ಮೇಲಿತ್ತು. ಗಾಡಿ ಅಂಗೈ ಅಗಲದಷ್ಟು ಹಿಂದಕ್ಕೆ ಸರಿದು ಬಂದು ಕಲ್ಲಿನ ಮೇಲೆ ಕೂತಿತು. ಬೆರಳು ಎಳೆದುಕೊಂಡೆ. ಒಳಗೆ ಹತ್ತಿ ಬಾಗಿಲು ಮೆಲ್ಲಗೆ ಎಳೆದುಕೊಂಡೆ.

ಆನೆ ದಾರಿಗೆ ಬಂತು. ನಮ್ಮ ಕಡೆ ತಿರುಗಿ ನಿಂತಿತು. ಅದು ಕಿವಿ ಬೀಸುತ್ತಾ, ಸೊಂಡಿಲಿನಿಂದ ಮಣ್ಣು ಮೂಸುತ್ತಾ ನಿಂತದ್ದು ಎಷ್ಟು ಹೊತ್ತೋ. ನನಗೆ ಆನೆಗಿಂತ ಕೆಳಗಿನ ಕಲ್ಲಿನ ಚಿಂತೆಯೇ ಹೆಚ್ಚಾಗಿತ್ತು. ಕಲ್ಲು ಜಾರಿದರೆ ನಾವು ಹಿಂದಕ್ಕೆ ಹೋಗುತ್ತೇವೆ, ಸದ್ದಿಗೆ ಅದು ಮುಂದಕ್ಕೆ ಬರುತ್ತದೆ. ಕೊನೆಗೆ ಅದು ಕೆಳಗಿನ ತೋಟಕ್ಕೆ ಇಳಿದು ಹೋಯಿತು.

ಹೊರಡುವಾಗ ಕಲ್ಲು ತೆಗೆಯಲು ಹೋದರೆ ಬರಲೇ ಇಲ್ಲ. ಮೊದಲಿನ ಎರಡು ಗಾಡಿಗಳಲ್ಲಿ ಕಲ್ಲು ಕಾಲಿನಲ್ಲಿ ಒದ್ದರೆ ಉರುಳುತ್ತಿತ್ತು. ಗಾಲಿ ಅದನ್ನು ಮುಟ್ಟಿಯೂ ಇರಲಿಲ್ಲ. ಅಂದರೆ ಅವುಗಳ ಬ್ರೇಕ್ ಹಿಡಿದಿತ್ತು. ಇಲ್ಲಿ ಇಡೀ ಗಾಡಿಯ ಭಾರ ಕಲ್ಲಿನ ಮೇಲಿತ್ತು. ನಿಮ್ಮಮ್ಮ ಒಂದಿಷ್ಟು ಮುಂದಕ್ಕೆ ಎತ್ತಿದ ಮೇಲೇ ಅದು ಬಿಟ್ಟುಕೊಂಡಿತು. ಇಪ್ಪತ್ತಾರು ವರ್ಷ ಕಲ್ಲು ಕೊಟ್ಟವಳಿಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಳಗೆ ಹತ್ತಿದಾಗ ಚಿಕ್ಕಜ್ಜ ಹೇಳುತ್ತಿದ್ದರು, "ಪರವಾಗಿಲ್ಲ ಕಣವ್ವ, ಕೈ ನಡುಗ್ನಿಲ್ಲ ನಿಂಗೆ." ಅವರ ಬಾಯಿಂದ ನಿಮ್ಮಮ್ಮನಿಗೆ ಬಂದ ಮೊದಲ ಒಳ್ಳೆಯ ಮಾತು. ಬ್ರೋಕರ್ ಸಂತೋಷದಲ್ಲಿದ್ದರು. ನಾನು ಬ್ರೇಕಿನ ಮಾತು ಎತ್ತಿದರೆ ಗಂಡಸರು ತಿರುಗಿ ನನ್ನನ್ನು ನೋಡುತ್ತಾರೆ, ನಿಮಗೇನು ಗೊತ್ತು ಅತ್ತಿಗೆ ಎನ್ನುತ್ತಾರೆ. ಗಾಡಿಯೂ ಕೈ ತಪ್ಪಬಹುದು. ಮನೆಗೆ ಹೋಗಿ ನಿಮ್ಮಮ್ಮನಿಗೆ ಒಬ್ಬಳಿಗೇ ಹೇಳೋಣ ಎಂದುಕೊಂಡೆ.

ಮನೆ ಮುಂದೆ ನರ್ಸರಿಯ ಇಳಿಜಾರಿನಲ್ಲಿ ಮೂತಿ ಮೇಲಕ್ಕಾಗಿ ಗಾಡಿ ನಿಲ್ಲಿಸಿದಳು. ಬ್ರೇಕ್ ಎಳೆದಳು. ನಾನು ಕಲ್ಲು ಕೊಟ್ಟೆ. ಗಿಡ ಇಳಿಸಿ ನೋಡಿದರೆ ಇನ್ನೂರರಲ್ಲಿ ಒಂದೂ ಒಡೆದಿರಲಿಲ್ಲ. "ಇದೇ ಗಾಡಿ" ಎಂದರು ಚಿಕ್ಕಜ್ಜ. ಎಲ್ಲರೂ ಕಾಫಿ ಕುಡಿಯಲು ಒಳಗೆ ಹೋದರು. ಅವತ್ತು ಅರ್ಧ ದಿನದ ಶಾಲೆ. ನೀವಿಬ್ಬರೂ ಬಂದು ಬ್ಯಾಗ್ ಎಸೆದು ಗಾಡಿಯ ಹಿಂದಿನ ಸೀಟಿಗೆ ಹತ್ತಿದಿರಿ. ಪುಟ್ಟಿಗೆ ಒಂಬತ್ತು, ಪಾಪಣ್ಣನಿಗೆ ಐದು. ನಾನು ಇಳಿಸಿದ ಗಿಡಗಳನ್ನು ಜೋಡಿಸುತ್ತಿದ್ದೆ, ನೀವು ಹತ್ತಿದ್ದನ್ನು ನೋಡಲಿಲ್ಲ.

ಬ್ರೋಕರನ್ನು ಯಸಳೂರಿನಲ್ಲಿ ಬಸ್ಸಿಗೆ ಬಿಟ್ಟು ಬರಲು ನಿಮ್ಮಮ್ಮ ಕೀ ಹಿಡಿದು ಹೊರಗೆ ಬಂದಳು. ಡ್ರೈವರ್ ಬಾಗಿಲ ಕಡೆ ನಡೆದದ್ದನ್ನು ಕಂಡೆ. ಹತ್ತುತ್ತಾಳೆ ಎಂದುಕೊಂಡು ಗಾಲಿಯ ಹಿಂದೆ ಬಗ್ಗಿದೆ. ಕಲ್ಲು ಮತ್ತೆ ಕಚ್ಚಿಕೊಂಡಿತ್ತು. ಪಕ್ಕದಲ್ಲಿದ್ದ ಗುದ್ದಲಿಯ ಕಾವು ತೂರಿಸಿ ಮೀಟಿದೆ. ಮೀಟುವಾಗ ನನಗೆ ಎಲ್ಲ ಗೊತ್ತಿತ್ತು, ಬ್ರೇಕ್ ಹಿಡಿಯುವುದಿಲ್ಲ ಎಂಬುದೂ. ಅವಳು ಸೀಟಿನಲ್ಲಿದ್ದಾಳೆ, ಕಾಲು ಪೆಡಲಿನ ಮೇಲಿದೆ ಎಂಬ ನಂಬಿಕೆ, ಅಷ್ಟೇ. ತಲೆ ಎತ್ತಿ ನೋಡುವ ಕೆಲಸ ಮಾಡಲಿಲ್ಲ. ಅವಳು ಹತ್ತಿರಲಿಲ್ಲ. ಬ್ರೋಕರ್ ಒಳಗಿನಿಂದ ಛತ್ರಿ ಎಲ್ಲಿ ಎಂದು ಕೂಗಿದ್ದರಿಂದ ಅರ್ಧಕ್ಕೆ ತಿರುಗಿ ಹೋಗಿದ್ದಳು.

ಕಲ್ಲು ಬಂತು. ಗಾಡಿ ಸದ್ದಿಲ್ಲದೆ ಹಿಂದಕ್ಕೆ ಹೊರಟಿತು. ನಾನು ಪಕ್ಕಕ್ಕೆ ಬಿದ್ದೆ. ಬಿದ್ದಲ್ಲಿಂದ ಕಿಟಕಿಯಲ್ಲಿ ಪಾಪಣ್ಣನ ಮುಖ ಕಂಡಿತು. ಅವನು ನನಗೆ ಕೈ ಬೀಸುತ್ತಿದ್ದ.

ಕೆಳಗೆ, ಸಾಲು ಗಿಡಗಳಾಚೆ, ನೀರು ತುಂಬಿದ ಹೊಂಡ. ಕೂಗಬೇಕು. ಬಾಯಿ ತೆರೆದೆ. ಸ್ವರ ಬರಲಿಲ್ಲ.

ನಿಮ್ಮಮ್ಮ ಯಾಕೆ ತಿರುಗಿ ನೋಡಿದಳೋ ಗೊತ್ತಿಲ್ಲ. ಛತ್ರಿ ಬಿಸಾಕಿ ಓಡಿಬಂದಳು. ಓಡುವ ಗಾಡಿಯ ಬಾಗಿಲು ತೆಗೆದು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ, ಕೆಸರಿನಲ್ಲಿ ಎಳೆದುಕೊಂಡು ಹೋದಳು. ಬಾಗಿಲು ಅವಳ ಬೆನ್ನಿಗೆ ಬಡಿಯಿತು. ಹೇಗೋ ಪೆಡಲು ಮೆಟ್ಟಿದಳು. ಚೀಲಕ್ಕೆ ತುಂಬಲು ಸುರಿದಿದ್ದ ಮಣ್ಣಿನ ಗುಡ್ಡೆಗೆ ಒಂದು ಗಾಲಿ ಹತ್ತಿ, ಗಾಡಿ ಓರೆಯಾಗಿ ನಿಂತಿತು. ಹೊಂಡಕ್ಕೆ ಎರಡು ಮಾರು ಉಳಿದಿತ್ತು. "ಅಮ್ಮ, ಇನ್ನೊಂದ್ಸಲ!" ಎಂದ ಪಾಪಣ್ಣ. ಪುಟ್ಟಿ ಅಳುತ್ತಿದ್ದಳು.

ಚಿಕ್ಕಜ್ಜ ಬಂದವರೇ ಕೂಗಾಡಿದರು. "ಬ್ರೇಕ್ ಎಳೀದೆ ಬುಟ್ಟು ಹೋಗಿದ್ಯಲ್ಲ! ಎರಡು ಮಕ್ಕಳು! ಹೆಂಗಸ್ರ ಕೈಗೆ ಗಾಡಿ ಬ್ಯಾಡ ಅಂತ ಬಡ್ಕಂಡೆ!"

"ಎಳ್ದಿದ್ದೆ ಚಿಕ್ಕಮಾವ."

"ಎಳ್ದಿದ್ರೆ ಅದಕ್ಕೇನು ಕಾಲು ಬಂದ್ವಾ ಓಡಕ್ಕೆ?"

ಸಂಜೆ ನಿಮ್ಮಪ್ಪ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ಗಾಡಿ ಒಳ್ಳೆಯದು, ಅದನ್ನೇ ತೆಗೆದುಕೊಳ್ಳುವುದು, ಡ್ರೈವರ್ ಇಡುವುದು. ನಿಮ್ಮಪ್ಪ ನಿಮ್ಮಿಬ್ಬರನ್ನೂ ತೊಡೆಯ ಮೇಲೆ ಕೂರಿಸಿಕೊಂಡೇ ಇದ್ದ. ನಿಮ್ಮಮ್ಮ ಅಡುಗೆಮನೆಯಲ್ಲಿ ತರಚಿದ ಕಾಲಿಗೆ ಅರಿಶಿನ ಹಚ್ಚಿಕೊಳ್ಳುತ್ತಾ ಕೇಳಿದಳು, "ಅತ್ತೆ, ನಾನು ಎಳ್ದಿದ್ದೆ ಅಲ್ವಾ? ಈಗ ನಂಗೇ ಅನುಮಾನ ಬರ್ತೈತೆ."

"ಎಳ್ದಿದ್ದೆ ಕಣವ್ವ. ನಾನು ಕೇಳಿಸ್ಕಂಡೆ" ಎಂದೆ. ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ. ಅವಳು ನನ್ನ ಕೈ ನೋಡಿದಳು. ಗುದ್ದಲಿಯ ಕಾವು ಉಜ್ಜಿ ಅಂಗೈ ಸಿಪ್ಪೆ ಎದ್ದಿತ್ತು. ಅದಕ್ಕೂ ಅರಿಶಿನ ಹಚ್ಚಿದಳು.

ಮರುದಿನ ಬೆಳಗ್ಗೆ ಬ್ರೋಕರ್ ಮುಂಗಡ ತೆಗೆದುಕೊಳ್ಳಲು ಬಂದರು. ನಾನು ಒಳಗಿನಿಂದ ಹೊಸಿಲಿಗೆ ಬಂದು ನಿಂತೆ.

"ಇನ್ನೊಂದ್ಸಲ ಏರಲ್ಲಿ ನಿಲ್ಸಿ ನೋಡನ. ಇವತ್ತು ನಾನು ಕಲ್ಲು ಕೊಡಲ್ಲ" ಎಂದೆ.

"ಓಹೋ, ಅತ್ಗೆ ಮಾತಾಡ್ತಾವ್ರೆ! ಇವತ್ತು ಮಳೆ ಗ್ಯಾರಂಟಿ" ಎಂದರು ಚಿಕ್ಕಜ್ಜ. ಆದರೂ ಎದ್ದರು.

ನಿಮ್ಮಮ್ಮ ಗಾಡಿಯನ್ನು ಗೇಟಿನ ಹತ್ತಿರದ ಏರಿನಲ್ಲಿ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ ಬ್ರೇಕ್ ಎಳೆದು, ಗೇರ್ ತೆಗೆದು, ಪೆಡಲಿನಿಂದ ಕಾಲು ಎತ್ತಿದಳು. ಗಾಡಿ ಒಂದು ಕ್ಷಣ ನಿಂತಿತು. ಆಮೇಲೆ ಜಾರಿತು. ಅವಳು ಪೆಡಲು ಒತ್ತಿದಳು. ಮತ್ತೆ ಎತ್ತಿದಳು, ಮತ್ತೆ ಜಾರಿತು.

"ಕೇಬಲ್ ಲೂಸ್ ಇರ್ಬೇಕು. ಟೈಟ್ ಮಾಡುಸ್ಕೊಡ್ತೀನಿ ಬುಡಿ" ಎಂದರು ಬ್ರೋಕರ್.

"ಈ ಗಾಡಿ ಬೇಡ" ಎಂದ ನಿಮ್ಮಪ್ಪ. "ಆ ಬಿಳೀದನ್ನೇ ಕೊಡಿ. ಇವಳೇ ಓಡಿಸ್ತಾಳೆ."

ಚಿಕ್ಕಜ್ಜ ಸೋಲುವವರಲ್ಲ. "ಬ್ರೇಕ್ ಹಿಡೀನಿಲ್ಲ, ಸರಿ. ಆದ್ರೆ ಕಲ್ಲು ಇತ್ತಲ್ಲ? ಅತ್ಗೆ ಕಲ್ಲು ಕೊಟ್ಟಿದ್ದು ನನ್ ಕಣ್ಣಾರೆ ನೋಡೀನಿ. ಅದನ್ನ ತೆಗ್ದೋರು ಯಾರು?"

ನಾನು ಸೆರಗಿನಲ್ಲಿ ಅಂಗೈ ಮುಚ್ಚಿಕೊಂಡೆ. ಇನ್ನೊಂದು ಕ್ಷಣ ಸಿಕ್ಕಿದ್ದರೆ ಹೇಳುತ್ತಿದ್ದೆನೇ? ಹೇಳುತ್ತಿದ್ದೆ ಎಂದು ಬರೆಯಲು ಧೈರ್ಯವಿಲ್ಲ.

"ನಾನೇ ತೆಗ್ದೆ ಚಿಕ್ಕಮಾವ. ಹೊರಡಬೇಕಿತ್ತಲ್ಲ. ಛತ್ರಿಗೆ ಅಂತ ತಿರುಗ್ದೆ" ಎಂದಳು ನಿಮ್ಮಮ್ಮ, ಸ್ಟೇರಿಂಗ್ ಹಿಂದೆ ಕೂತೇ.

"ಹಂಗನ್ನು!" ಎಂದು ಚಿಕ್ಕಜ್ಜ ತೊಡೆ ತಟ್ಟಿದರು. ಅವರಿಗೆ ಕತೆ ಸಿಕ್ಕಿತು, ಡ್ರೈವರ್ ಮಾತನ್ನು ಮತ್ತೆ ಎತ್ತಲಿಲ್ಲ.

ಬಿಳಿ ಪಿಕಪ್ ಬಂತು. ಎಗರುವ ಹಿಂಬದಿಗೆ ನಿಮ್ಮಮ್ಮ ತೆಂಗಿನ ನಾರಿನ ಚೀಲ ಹಾಸಿ, ಗಿಡಗಳನ್ನು ಸಂದಿಲ್ಲದ ಹಾಗೆ ಒತ್ತಿ ಜೋಡಿಸುವುದನ್ನು ಕಂಡುಕೊಂಡಳು. ಆಮೇಲೆ ಹೆಂಟೆ ಒಡೆದದ್ದು ಅಪರೂಪ. ಸ್ಟೇರಿಂಗಿನ ಭಾರಕ್ಕೆ ತೋಳು ಒಗ್ಗಿತು. ನಿಮ್ಮನ್ನು ಶಾಲೆಗೆ, ನನ್ನನ್ನು ಮಂಡಿ ಡಾಕ್ಟರ ಹತ್ತಿರಕ್ಕೆ, ಗಿಡವನ್ನು ಬಿಸಿಲೆಯ ಕಡೆಯ ತೋಟಗಳವರೆಗೆ ಹೊತ್ತೊಯ್ದ ಆ ಗಾಡಿ ಒಂದು ದಿನವೂ ನಮ್ಮನ್ನು ದಾರಿಯಲ್ಲಿ ಬಿಟ್ಟಿಲ್ಲ. ಪುಟ್ಟಿ, ಮುಂದೆ ನೀನು ನಿನ್ನದೇ ಗಾಡಿ ಕೊಳ್ಳುವಾಗ ಯಾರೂ ಕಲ್ಲು ಕೊಡದಂತೆ ನೋಡಿಕೊಂಡು ಪರೀಕ್ಷೆ ಮಾಡು. ನಾವು ಒಳ್ಳೆಯದಕ್ಕೆ ಎಂದು ಕೊಟ್ಟ ಕಲ್ಲೇ ಗಾಡಿಯ ದೋಷ ಮುಚ್ಚಿಹಾಕುತ್ತದೆ.

ಕೆಲವು ವರ್ಷದ ಮೇಲೆ ಒಮ್ಮೆ, ನಾವಿಬ್ಬರೇ ಗಾಡಿಯಲ್ಲಿದ್ದಾಗ, ಯಾಕೆ ಹಾಗೆ ಹೇಳಿದೆ ಎಂದು ಅವಳನ್ನು ಕೇಳಿದೆ. ದಾರಿಯ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು: "ಅವರು ಅಷ್ಟು ಜನರ ಮುಂದೆ ನಿಮ್ಮನ್ನ ಬೈದಿದ್ರೆ ನೀವು ಆ ಹೊಸಿಲು ದಾಟಿ ಮತ್ತೆ ಹೊರಗೆ ಬರ್ತಿದ್ರಾ ಅತ್ತೆ? ನಂಗೆ ಗಾಡಿ ಸಿಕ್ತಲ್ಲ, ಬುಡಿ."

ಅವಳು ಬಿಟ್ಟಳು. ನಾನು ಬಿಡುವ ಹಾಗಿಲ್ಲ. ಕಲ್ಲು ತೆಗೆದವಳು ನಾನು, ನಿಮ್ಮನ್ನು ಉಳಿಸಿದವಳು ಅವಳು. ಚಿಕ್ಕಜ್ಜನ ಮುಂದೆ ನಾನೇ ಹೇಳುತ್ತೇನೆ ಎಂದು ಎಷ್ಟೋ ಸಲ ಹೊರಟು ನೀರು ತರುವ ನೆಪದಲ್ಲಿ ಒಳಗೆ ಹೋಗಿದ್ದೇನೆ. ಮುಂದಿನ ಊಟದಲ್ಲಿ ಅವರು ಆ ಕತೆ ತೆಗೆದಾಗ ಪುಟ್ಟಿ ಇದನ್ನು ಎಲ್ಲರಿಗೂ ಕೇಳುವ ಹಾಗೆ ಓದಲಿ. ನಾನು ಅಲ್ಲೇ ಕೂತಿರುತ್ತೇನೆ, ಒಳಗೆ ಹೋಗುವುದಿಲ್ಲ. ಅಲ್ಲಿಯವರೆಗೆ ಈ ಹಾಳೆಗಳನ್ನು ಆರ್‌ಸಿ, ಇನ್ಶೂರೆನ್ಸ್ ಕಾಗದವಿರುವ ಪ್ಲಾಸ್ಟಿಕ್ ಕವರಿನಲ್ಲಿ ಸೇರಿಸಿಡಿ, ಒದ್ದೆಯಾಗುವುದಿಲ್ಲ. ಮುಂದೆಂದಾದರೂ ಗಾಡಿ ಮಾರಿದರೆ ಅದರ ಕಾಗದವೆಲ್ಲ ಕೊಟ್ಟುಬಿಡಿ, ಇದನ್ನು ಮಾತ್ರ ತೆಗೆದು ನಿಮ್ಮಮ್ಮನ ಕೈಗೆ ಕೊಡಿ.